ಈರುಳ್ಳಿಗೆ ತಲಾ ಎರಡು

ಸುದ್ದಿಯ ವಾಸನೆ ಹಿಡಿಯುವುದರಲ್ಲಿ ನನ್ನ ಮೂಗನ್ನು ಮೀರಿಸುವ ಮೂಗು ಥೇಮ್ಸ್ ನದಿಯ ಉತ್ತರ ದಂಡೆಯಲ್ಲಿ ಇನ್ನೊಂದಿಲ್ಲ ಎಂದು ತೊಂಬತ್ತೆಂಟರ ಬೇಸಿಗೆಯಲ್ಲಿ ನನಗೆ ನಾನೇ ಪ್ರಮಾಣಪತ್ರ ಕೊಟ್ಟುಕೊಂಡೆ. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಬಹುಕಾಲ ವಿಶೇಷ ವರದಿಗಾರನಾಗಿದ್ದವನು ನಾನು. ಇಬ್ಬರು ಮಂತ್ರಿಗಳ ನಿದ್ದೆ ಕೆಡಿಸಿದ್ದೆ. ಒಬ್ಬ ಗುತ್ತಿಗೆದಾರನಿಗೆ ಊಟ ಸೇರದ ಹಾಗೆ ಮಾಡಿದ್ದೆ. ಅಂಥವನು ಹೆಂಡತಿಯ ಹಿಂದೆ ಇಂಗ್ಲೆಂಡಿಗೆ ಬಂದೆ. ಕೆಲಸ ಅವಳಿಗೆ ಸಿಕ್ಕಿತ್ತು, ವೀಸಾ ನನಗೆ.

ನಾವಿದ್ದ ಊರು ಎಲ್ಮ್‌ಬರಿ. ಜೂಬಿಲಿ ಲೈನಿನ ಕೊನೆಯ ಸ್ಟೇಷನ್ ಸ್ಟ್ಯಾನ್ಮೋರಿನಲ್ಲಿ ಇಳಿದು, ಬಸ್ಸು ಹಿಡಿದು, ಚಾಲಕ ಇನ್ನೇನು ಬೇಸರದಿಂದ ಹಾಡಲು ಶುರುಮಾಡುತ್ತಾನೆ ಅನ್ನುವಷ್ಟರಲ್ಲಿ ಬರುವ ಊರು. ನಕ್ಷೆಯ ಪ್ರಕಾರ ಅದು ಲಂಡನ್. ಆದರೆ ಊರಿನವರ ಎದುರು ಹಾಗೆಂದರೆ ಮುಖ ಗಂಟಿಕ್ಕುತ್ತಾರೆ. ಅಲ್ಲಿನ ಉಚಿತ ವಾರಪತ್ರಿಕೆಯಲ್ಲಿ ‘ನಮ್ಮೂರ ಸಂಘಗಳು’ ಎಂಬ ಅಂಕಣ ನನ್ನ ಪಾಲಿಗೆ ಬಂದಿತ್ತು. ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನವರು ಪಕ್ಕದ ಊರಿನವರಿಗೆ ಸೋತರು. ಚರ್ಚಿನ ಗಂಟೆ ಬಾರಿಸುವವರ ವಾರ್ಷಿಕ ಭೋಜನ ನಡೆಯಿತು. ಮಹಿಳಾ ಮಂಡಳಿಯಲ್ಲಿ ಒಬ್ಬರು ಒಣಹೂಗಳ ಬಗ್ಗೆ ಮಾತಾಡಿದರು, ಚಹಾದ ವ್ಯವಸ್ಥೆ ಇನ್ನೊಬ್ಬರದು. ವಾರ ವಾರವೂ ಇದೇ. ಇಷ್ಟೊಂದು ಸಂಘ, ಇಷ್ಟೊಂದು ಕಾರ್ಯದರ್ಶಿಗಳು, ಇಷ್ಟೊಂದು ನಗುಮುಖ ಇರುವ ಊರಿನಲ್ಲಿ ಒಂದೂ ಹಗರಣವಿಲ್ಲವೆಂದರೆ ಯಾರೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಅದನ್ನು ಅಗೆದು ತೆಗೆಯುತ್ತೇನೆ ಎಂದು ಒಂದು ಬೆಳಿಗ್ಗೆ ಹೆಂಡತಿಯ ಮುಂದೆ ಘೋಷಿಸಿದೆ.

"ಅಗಿಯೂದ ಇದ್ರ ನನ್ನ ಪ್ಲಾಟಿನ್ಯಾಗ ಒಂದೀಟು ಅಗದು ಕೊಡ್ರಿ" ಎಂದಳು ಅವಳು.

ನನ್ನ ಹೆಂಡತಿ ಡಾಕ್ಟರ್ ಗುರುದೇವಿ, ಧಾರವಾಡದವಳು. ಎಲ್ಮ್‌ಬರಿಯ ಸರ್ಜರಿಯಲ್ಲಿ, ಅಂದರೆ ಅಲ್ಲಿನವರ ಮಾತಿನಲ್ಲಿ ಊರಿನ ದವಾಖಾನೆಯಲ್ಲಿ, ಜಿಪಿ, ಎಲ್ಲ ಕಾಯಿಲೆಗೂ ಮೊದಲು ನೋಡುವ ಡಾಕ್ಟರ್. ಕೌನ್ಸಿಲ್ಲಿನವರು ತರಕಾರಿ ಬೆಳೆದುಕೊಳ್ಳಲೆಂದು ಊರಿನವರಿಗೆ ಬಾಡಿಗೆಗೆ ಕೊಡುವ ಪುಟ್ಟ ಪುಟ್ಟ ಪ್ಲಾಟುಗಳಲ್ಲಿ ಅವಳದೂ ಒಂದು. ಅಲ್ಲಿ ಅವಳು ಈರುಳ್ಳಿ ಬೆಳೆಯುತ್ತಾಳೆ. ನಾನು ಈರುಳ್ಳಿ ಎನ್ನುತ್ತೇನೆ, ಅವಳು ಉಳ್ಳಾಗಡ್ಡಿ ಎನ್ನುತ್ತಾಳೆ. ಒಂದೊಂದೂ ಮಗುವಿನ ತಲೆಯಷ್ಟಿರುತ್ತದೆಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಹಿಂದಿನ ಆಗಸ್ಟಿನಲ್ಲಿ ಊರಿನ ತೋಟಗಾರಿಕೆ ಸಂಘದ ಪ್ರದರ್ಶನದಲ್ಲಿ ಅವಳ ಮೂರು ಈರುಳ್ಳಿಗಳು ಬೆಳ್ಳಿಯ ಕಪ್ಪು ಗೆದ್ದಿದ್ದವು.

ಆ ಕಪ್ಪು ಬರುವ ಮೊದಲು ಊರಿನ ಮುದುಕರು ಸರ್ಜರಿಗೆ ಬಂದು, ಬೇರೆ ಡಾಕ್ಟರ್ ಯಾರಾದರೂ ಇದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸುತ್ತಿದ್ದರು. ಬಂದ ಮೇಲೆ ಅವಳನ್ನೇ ಹುಡುಕಿಕೊಂಡು ಬಂದು ಅರ್ಧ ಗಂಟೆ ಈರುಳ್ಳಿಯ ಬಗ್ಗೆ ಮಾತಾಡಿ, ಬಾಗಿಲು ದಾಟುವಾಗ, ಅಂದಹಾಗೆ ಎದೆ ನೋಯುತ್ತಿದೆ ಎನ್ನತೊಡಗಿದರು. ಆದರೂ ಬೆನ್ನ ಹಿಂದೆ ಒಂದು ಮಾತಿತ್ತು: ಹೊಸಬರ ಅದೃಷ್ಟ. ಆ ಮಾತು ಅವಳ ಕಿವಿಗೂ ಬಿದ್ದಿತ್ತು.

"ಈ ಸಲನೂ ಗೆದ್ರ ಯಾರಿಗೂ ಹಂಗ ಅನ್ನಾಕ ಬರಂಗಿಲ್ಲ" ಎಂದು ಅವಳು ಮಾರ್ಚಿನಿಂದಲೇ ಟೊಂಕ ಕಟ್ಟಿದ್ದಳು. ಬೆಳಗಿನ ಕಾಫಿಗಿಂತ ಮುಂಚೆ ಈರುಳ್ಳಿಗೆ ನೀರು. ನಾನು ಕಾಯಿಲೆ ಬಿದ್ದಾಗಲೂ ಅವಳು ಅಷ್ಟು ಸಲ ಬಂದು ಮುಟ್ಟಿ ನೋಡಿದ್ದಿಲ್ಲ.

ಗೆದ್ದವರು ಕಪ್ಪನ್ನು ಒಂದು ವರ್ಷ ಮನೆಯಲ್ಲಿಟ್ಟುಕೊಂಡು, ಜುಲೈ ಕೊನೆಯೊಳಗೆ ಉಜ್ಜಿ ಹೊಳಪಿಸಿ ಕಾರ್ಯದರ್ಶಿಗೆ ಮರಳಿಸಬೇಕೆಂಬುದು ಸಂಘದ ಪದ್ಧತಿ. ಗುರುದೇವಿ ಒಂದು ಸೋಮವಾರ ಸರ್ಜರಿಗೆ ಹೋಗುವ ದಾರಿಯಲ್ಲಿ ಕೊಟ್ಟು ಹೋದಳು. ಕಾರ್ಯದರ್ಶಿ ಮನೆಯಲ್ಲಿರಲಿಲ್ಲವಂತೆ, ಬಾಗಿಲ ಬಳಿ ಇಟ್ಟು ಬಂದಳಂತೆ. ನನ್ನ ಕಥೆ ಅಲ್ಲಿಂದ ಶುರು.

ಕಾರ್ಯದರ್ಶಿಯ ಹೆಸರು ಮಿಸ್ಟರ್ ಟಿಂಬ್ರೆಲ್. ರೈಲ್ವೆಯಲ್ಲಿ ವೇಳಾಪಟ್ಟಿ ತಯಾರಿಸುತ್ತಿದ್ದು ನಿವೃತ್ತರಾದವರು. ಮಳೆ ಬಂದರೂ ಹೇಳಿದ ಹೊತ್ತಿಗೆ ಬರಲಿಲ್ಲವೆಂದು ಬೇಸರ ಮಾಡಿಕೊಳ್ಳುವ ಮನುಷ್ಯ. ಗುರುದೇವಿ ಬರುವವರೆಗೆ ಈರುಳ್ಳಿ ಕಪ್ಪು ವರ್ಷಾನುಗಟ್ಟಲೆ ಅವರ ಮನೆಯಲ್ಲೇ ಇತ್ತು. ಸೋತ ಮೇಲೆ ಅವರು ಅವಳನ್ನು ಕಂಡಾಗಲೆಲ್ಲ, ಈರುಳ್ಳಿಗೆ ಏನು ಹಾಕುತ್ತೀರಿ ಎಂದು ಕೇಳುತ್ತಿದ್ದರು. ಅವಳು ಹಾಕುತ್ತಿದ್ದದ್ದು ಎಲ್ಲರೂ ಹಾಕುವ ಕುದುರೆ ಲದ್ದಿಯೇ. ಆದರೆ ಗೆದ್ದವರಿಗೂ ಒಂದಿಷ್ಟು ಖುಷಿ ಬೇಡವೇ? ಯಾವಾಗಲಾದರೂ ಹೇಳುತ್ತೇನೆ ಎಂದು ನಕ್ಕು ಬರುತ್ತಿದ್ದಳು.

ಆ ವಾರದ ಶನಿವಾರ ಅಂಚೆ ಕಚೇರಿಯ ಮುಂದೆ ಟಿಂಬ್ರೆಲ್ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದರು. ನಾನು ಕಿಟಕಿಗೆ ಅಂಟಿಸಿದ್ದ ಜಾಹೀರಾತು ಓದುವವನಂತೆ ಬೆನ್ನು ತಿರುಗಿಸಿ ನಿಂತೆ. ವೃತ್ತಿಯಲ್ಲಿ ಇದೊಂದು ಮುಖ್ಯವಾದ ಆಸನ.

"ನಿಮ್ಮದು ತಲುಪಿತು, ಡಾಕ್ಟರ್. ಇಷ್ಟು ದೊಡ್ಡ ಮನಸ್ಸನ್ನು ನಾನು ನಿರೀಕ್ಷಿಸಿರಲಿಲ್ಲ. ತಲಾ ಎರಡು ಕೊಟ್ಟರೆ ಸಾಕಲ್ಲವೇ?"

"ಎರಡು ಸಾಕು. ಜಾಸ್ತಿಯಾದರೆ ಒಳ್ಳೆಯದಲ್ಲ."

"ನೀರಿನ ಜೊತೆಗೆ?"

"ಹಾಲಿನ ಜೊತೆ ಇನ್ನೂ ಚೆನ್ನ."

ಕಿಟಕಿಯ ಗಾಜಿನಲ್ಲಿ ನನಗೆಲ್ಲ ಕಾಣುತ್ತಿತ್ತು: ಟಿಂಬ್ರೆಲ್ ಸುತ್ತ ನೋಡಿ, ಮೂಗಿನ ಪಕ್ಕಕ್ಕೆ ಒಂದು ಬೆರಳು ಒತ್ತಿ, ಯಾರಿಗೂ ಹೇಳುವುದಿಲ್ಲ ಎಂದರು. ನನ್ನ ಹೆಂಡತಿ ನಕ್ಕಳು. ನನ್ನ ಬೆನ್ನ ಮೇಲಿನ ಕೂದಲೆಲ್ಲ ಎದ್ದು ನಿಂತವು.

ದಾರಿಯಲ್ಲಿ ಬಹಳ ಸಹಜವಾದ ದನಿಯಲ್ಲಿ, ಟಿಂಬ್ರೆಲ್‌ಗೆ ಏನು ಕೊಟ್ಟೆ ಎಂದು ಕೇಳಿದೆ. ಕಪ್ಪು ಎಂದಳು. ಬೇರೆ? ಅವಳು ನನ್ನ ಮುಖ ನೋಡಿದಳು, ಆಮೇಲೆ ಯಾಕೋ ನನ್ನ ಹೊಟ್ಟೆ ನೋಡಿದಳು, ಆಮೇಲೆ ರಸ್ತೆ ನೋಡಿದಳು. ಬೇರೆ ಏನಿಲ್ಲ ಎಂದಳು. ಮಂತ್ರಿಗಳು ಸುಳ್ಳು ಹೇಳುವಾಗಲೂ ಕಣ್ಣು ಇದೇ ಕ್ರಮದಲ್ಲಿ ಚಲಿಸುತ್ತದೆ.

ಎಲ್ಲವೂ ನನಗೆ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಯಿತು. ಕಪ್ಪು ಕಳೆದುಕೊಂಡ ಈ ಮುದುಕ ನನ್ನ ಹೆಂಡತಿಯನ್ನು ಹೇಗೋ ಪುಸಲಾಯಿಸಿ, ಗಿಡ ಊದಿಸುವ ಯಾವುದೋ ಔಷಧಿ ಪಡೆದಿದ್ದಾನೆ. ಅವಳದೇ ಔಷಧಿಯಿಂದ ಅವಳನ್ನೇ ಸೋಲಿಸುತ್ತಾನೆ! ಪಾಪದವಳು, ಬಾಯಿಬಿಡಲಾರದೆ ಒದ್ದಾಡುತ್ತಿದ್ದಾಳೆ. ಅವಳನ್ನು ಕಾಪಾಡುವುದು ಗಂಡನಾಗಿ ನನ್ನ ಧರ್ಮ. ವರದಿಯಾಗಿ ಬಂದರೆ ಮುಖಪುಟಕ್ಕೆ ಒದಗುತ್ತದೆ ಎಂಬುದು ಆಮೇಲಿನ ಮಾತು.

ಸಂಜೆ ಪ್ಲಾಟುಗಳ ಕಡೆ ಹೋಗಿ ಮಳೆನೀರಿನ ಪೀಪಾಯಿಯೊಂದರ ಹಿಂದೆ ಕೂತೆ. ಟಿಂಬ್ರೆಲ್ ಬಂದರು. ಈರುಳ್ಳಿ ಮಡಿಯ ಪಕ್ಕ ಮಂಡಿಯೂರಿ, ಕಾಗದದ ಚೀಲದಿಂದ ಕಂದು ಬಣ್ಣದ ಗುಂಡನೆಯದೊಂದನ್ನು ತೆಗೆದು, ಗೆಡ್ಡೆಯ ಬುಡದಲ್ಲಿ ಬೆರಳಿನಿಂದ ಕುಳಿ ಮಾಡಿ ಹೂತರು. ಅದರ ಪಕ್ಕ ಇನ್ನೊಂದು. ಮುಂದಿನ ಗೆಡ್ಡೆಗೂ ಹಾಗೆಯೇ ಎರಡು. ಕೊನೆಗೆ ಕೋಟಿನೊಳಗಿಂದ ಹಾಲಿನ ಬಾಟಲಿ ತೆಗೆದು, ಹಸುಗೂಸಿಗೆ ಕುಡಿಸುವ ನಾಜೂಕಿನಲ್ಲಿ ಒಂದೊಂದೇ ಗೆಡ್ಡೆಗೆ ಸುರಿದರು.

ಅವರು ಹೋದ ಮೇಲೆ ಒಂದು ಗುಂಡನ್ನು ಅಗೆದು ತೆಗೆದೆ. ಮೂಸಿದೆ. ಮಣ್ಣು, ಲದ್ದಿ, ಹಾಲು, ಅದರಡಿಯಲ್ಲಿ ಇನ್ನೊಂದು ವಾಸನೆ. ಎಲ್ಲೋ ಪರಿಚಯವಿದ್ದದ್ದು, ಎಲ್ಲಿ ಎಂದು ತಿಳಿಯಲಿಲ್ಲ. ಅಪಾಯಕಾರಿ ರಾಸಾಯನಿಕಗಳು ಹಾಗೆಯೇ ಮೋಸ ಮಾಡುತ್ತವೆ. ಅರ್ಧವನ್ನು ಕ್ಯಾಮೆರಾ ರೀಲಿನ ಡಬ್ಬಿಯಲ್ಲಿ ಭದ್ರಪಡಿಸಿ, ಉಳಿದರ್ಧವನ್ನು ಈಸ್ಟ್ ಹ್ಯಾಮಿನಲ್ಲಿರುವ ಗೆಳೆಯ ಶೇಷಾದ್ರಿಗೆ ತಲುಪಿಸಿದೆ. ಅವನು ಮೈಸೂರಿನವನು, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ವಿಜ್ಞಾನಿ. ಎರಡು ದಿನ ಬಿಟ್ಟು ಫೋನ್ ಮಾಡಿದ.

"ಸಕ್ಕರೆ ಜಾಸ್ತಿ ಇದೆ ಕಣೋ. ಹಾಲಿನ ಪ್ರೋಟೀನ್ ಇದೆ, ಕೊಬ್ಬಿದೆ. ಚೆನ್ನಾಗಿ ಸುಟ್ಟಿದಾರೆ, ಅದಕ್ಕೇ ಕಂದು ಬಣ್ಣ. ಮೇಲೆ ಬೇರೆ ಏನೋ ಪರಿಮಳ ಹಾಕಿದಾರೆ."

"ಯಾಕೆ?"

"ಯಾಕೆ ಅಂದ್ರೆ, ಮೂಲ ವಾಸನೆ ಗೊತ್ತಾಗಬಾರದು ಅಂತ. ಪಕ್ಕಾ ಕಳ್ಳ ಕೆಲಸ."

ಗುರುವಾರದ ಸಂಚಿಕೆಯಲ್ಲಿ ನನ್ನ ವರದಿ ಬಂತು. ‘ಎಲ್ಮ್‌ಬರಿಯ ಈರುಳ್ಳಿಯ ಬುಡದಲ್ಲಿ ಏನಿದೆ?’ ಸಂಪಾದಕಿ ಫಿಯೋನಾ ಅದನ್ನು ಮುಖಪುಟಕ್ಕೇ ಹಾಕಿದ್ದಳು. ಆ ವಾರ ಅದಕ್ಕೆ ಪೈಪೋಟಿಯಾಗಿದ್ದದ್ದು ಯಾರದೋ ಅಂಗಳದ ಮಣ್ಣಿನ ಕುಳ್ಳಗೊಂಬೆ ಕಳುವಾದ ಸುದ್ದಿ ಮಾತ್ರ. ನಾನು ಯಾರ ಹೆಸರನ್ನೂ ಬರೆದಿರಲಿಲ್ಲ. ‘ಸಂಘದ ಹಿರಿಯ ಪದಾಧಿಕಾರಿಯೊಬ್ಬರು’, ‘ಹಾಲಿನ ಮೂಲದ, ಪರಿಮಳ ಲೇಪಿತ, ನಿಗೂಢ ಗುಳಿಗೆ’, ‘ಪ್ರಯೋಗಾಲಯದ ಮೂಲಗಳು’, ಇಷ್ಟೇ. ಸಂಘಕ್ಕೆ ಪದಾಧಿಕಾರಿಗಳಿದ್ದದ್ದು ಮೂವರು. ಈರುಳ್ಳಿ ಬೆಳೆಯುತ್ತಿದ್ದದ್ದು ಒಬ್ಬರು.

ಮಧ್ಯಾಹ್ನದ ಹೊತ್ತಿಗೆ ಇಡೀ ಊರು ಹಾಲಿನ ದುರ್ಬಳಕೆಯನ್ನು ಒಕ್ಕೊರಲಿನಿಂದ ಖಂಡಿಸಿತು. ಸಂಜೆಯ ಹೊತ್ತಿಗೆ ಊರಿನ ಎರಡೂ ಅಂಗಡಿಗಳಲ್ಲಿ ಹಾಲು ಖಾಲಿಯಾಗಿತ್ತು. ನಾನು ಪ್ಲಾಟುಗಳ ಬೇಲಿಯ ಬದಿಯಲ್ಲಿ ನಡೆದು ಹೋದರೆ ಒಂದೊಂದು ಮಡಿಯಲ್ಲೂ ಯಾರೋ ಬಗ್ಗಿದ್ದವರು ಥಟ್ಟನೆ ನೆಟ್ಟಗಾಗಿ, ಹವೆ ಚೆನ್ನಾಗಿದೆ ಎನ್ನುತ್ತಿದ್ದರು. ಕಾಲ ಬುಡದಲ್ಲಿ ಬೆಳ್ಳಗಿನ ಕೆಸರು. ವರ್ಷಗಳಿಂದ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿದವರು ಒಬ್ಬರ ಫ್ಲಾಸ್ಕನ್ನು ಇನ್ನೊಬ್ಬರು ಓರೆಗಣ್ಣಿನಿಂದ ನೋಡುವಂತಾಯಿತು. ನನ್ನ ಲೇಖನಿಗೆ ಇಷ್ಟು ಶಕ್ತಿಯಿದೆಯೆಂದು ಬೆಂಗಳೂರಿನಲ್ಲೂ ನನಗೆ ಗೊತ್ತಾಗಿರಲಿಲ್ಲ.

ಗುರುದೇವಿ ಸರ್ಜರಿಯಿಂದ ಬಂದವಳು ಶೂ ಕೂಡ ಬಿಚ್ಚದೆ ಅಡುಗೆಮನೆಗೆ ಬಂದು ಪತ್ರಿಕೆಯನ್ನು ನನ್ನ ಮುಂದಿಟ್ಟಳು.

"ಇದನ್ನ ನೀವ ಬರದೀರೇನ್ರಿ?"

"ನಾನೇ. ನಿನ್ನ ಹೆಸರು ಎಲ್ಲೂ ಬರದ ಹಾಗೆ ನೋಡಿಕೊಂಡಿದೀನಿ."

"ನನ್ನ ಹೆಸರು ಯಾಕ ಬರಬೇಕಿತ್ತು?"

ಹೆದರಬೇಡ, ನನಗೆಲ್ಲ ಗೊತ್ತು, ತಲಾ ಎರಡು, ಹಾಲಿನ ಜೊತೆ ಎಂದು ಸಮಾಧಾನ ಹೇಳಿ, ಫ್ರಿಜ್ಜಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಅವಳು ಮುಚ್ಚಳ ತೆಗೆದಳು. ಮೂಸಿದಳು. ಚಮಚದ ತುದಿಯಿಂದ ಮಣ್ಣು ಕೆರೆದು ಇನ್ನೊಮ್ಮೆ ಮೂಸಿ, ಕುರ್ಚಿ ಎಳೆದು ಕೂತಳು.

"ಇದು ನನ್ನ ಪೇಡಾ."

ಡಬ್ಬಿ ಎಳೆದುಕೊಂಡು ನಾನೂ ಇನ್ನೊಮ್ಮೆ ಮೂಸಿದೆ; ಆ ಪರಿಚಯದ ವಾಸನೆ ಏಲಕ್ಕಿಯದು.

ಕಪ್ಪು ಮರಳಿಸುವ ಹಿಂದಿನ ದಿನ, ಭಾನುವಾರ, ನಾನು ಬೌಲ್ಸ್ ಪಂದ್ಯದ ವರದಿಗೆ ಹೋಗಿದ್ದಾಗ ಅವಳು ಮನೆಯಲ್ಲಿ ಹಾಲು ಕಾಯಿಸಿ, ಕೆಂಪಗೆ ಹುರಿದು, ಏಲಕ್ಕಿ ಹಾಕಿ ಧಾರವಾಡ ಪೇಡಾ ಮಾಡಿದ್ದಳು. ನನಗೆ ಶುಗರ್. ಗೊತ್ತಾದರೆ ಒಂದೂ ಉಳಿಯುವುದಿಲ್ಲವೆಂದು ನನಗೆ ಹೇಳಲಿಲ್ಲ. ಸಕ್ಕರೆ ಪುಡಿಯಲ್ಲಿ ಹೊರಳಿಸಿ, ಅಷ್ಟನ್ನೂ ಬೆಳ್ಳಿ ಕಪ್ಪಿನಲ್ಲಿ ತುಂಬಿ, ಮೇಲೆ ಫಾಯಿಲ್ ಮುಚ್ಚಿ ಟಿಂಬ್ರೆಲ್ ಮನೆಯ ಬಾಗಿಲಲ್ಲಿ ಇಟ್ಟು ಬಂದಿದ್ದಳು. ಈರುಳ್ಳಿಯ ಗುಟ್ಟಿಗಾಗಿ ವರ್ಷವಿಡೀ ಕಾದಿದ್ದ ಮನುಷ್ಯನ ಬಾಗಿಲಲ್ಲಿ, ಒಂದು ಚೀಟಿಯೂ ಇಲ್ಲದೆ!

"ಕಪ್ಪಿನಲ್ಲಿ ಯಾಕೆ ಇಟ್ಟೆ ದೇವಿ?"

"ಖಾಲಿ ಭಾಂಡೆ ಹೆಂಗ ವಾಪಸ್ ಕೊಡ್ತಾರ್ರೀ?"

"ಅದು ಭಾಂಡೆ ಅಲ್ಲ. ಪ್ರಶಸ್ತಿ."

"ಬೆಳ್ಳಿದು ಐತಿ, ಒಳಗ ಪೊಳ್ಳ ಐತಿ, ಮಂದಿ ಮನಿಂದ ಬಂದೈತಿ. ಭಾಂಡೆ ಅನ್ನಾಕ ಮತ್ತೇನು ಬೇಕು?"

ಟಿಂಬ್ರೆಲ್ ಅಂಚೆ ಕಚೇರಿಯ ಮುಂದೆ ‘ತಲಾ ಎರಡು’ ಎಂದಾಗ ಅವಳು, ಅವರಿಗೆರಡು ಅವರ ಹೆಂಡತಿಗೆರಡು ಎಂದುಕೊಂಡಿದ್ದಳು. ವಯಸ್ಸಾದವರು, ಸಿಹಿ ಅತಿಯಾಗಬಾರದೆಂದು ಡಾಕ್ಟರಾಗಿ ಸಲಹೆ ಕೊಟ್ಟಿದ್ದಳು.

ಶನಿವಾರ ಪ್ರದರ್ಶನ. ಅದರ ಹಿಂದಿನ ಸಂಜೆ ಸಂಘದ ತುರ್ತು ಸಭೆ. ತೀರ್ಪುಗಾರರನ್ನು ಬೇರೆ ಊರಿನಿಂದ ಆರಿಸಿ ಕರೆಸುವವರು ಕಾರ್ಯದರ್ಶಿ. ಅಂಥವರಿಗೆ ಒಬ್ಬ ಸ್ಪರ್ಧಿ ಕಪ್ಪು ತುಂಬ ಮಿಠಾಯಿ ಕಳಿಸಿದರೆ ಅದನ್ನು ಏನೆನ್ನುತ್ತಾರೆಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಲಂಚ ಅಂತಾರ. ನನ್ನ ಉಳ್ಳಾಗಡ್ಡಿ ಟೇಬಲ್ ಮ್ಯಾಲೆ ಇಡಾಕೂ ಬಿಡಂಗಿಲ್ಲ" ಎಂದಳು.

ಸುಮ್ಮನಿರೋಣ, ಟಿಂಬ್ರೆಲ್ ಮಾತು ಕೊಟ್ಟಿದ್ದಾರೆ, ಬಾಯಿಬಿಡುವುದಿಲ್ಲ ಎಂದೆ. ಅವಳು ಎದ್ದು ಹೋಗಿ ಒಲೆಯ ಮೇಲೆ ಹಾಲಿಟ್ಟಳು. ನನಗೆ ಅದು ಕಾಫಿಗೆಂದು ಅನ್ನಿಸಿತು. ನನ್ನ ಊಹೆಗಳ ಮಟ್ಟ ಆ ವಾರ ಅಷ್ಟೇ ಇತ್ತು.

ಶುಕ್ರವಾರ ಬೆಳಿಗ್ಗೆ ಎದ್ದರೆ ಅರ್ಧ ಊರಿನ ಮಡಿಗಳು ಕೆದರಿಹೋಗಿದ್ದವು. ಹಾಲಿನ ವಾಸನೆಗೆ ನರಿಗಳು ಬಂದಿದ್ದವು. ಟಿಂಬ್ರೆಲ್ ಅವರ ಮಡಿಗೆ ವಿಶೇಷ ಮರ್ಯಾದೆ ಸಂದಿತ್ತು, ನೆಟ್ಟಗೆ ಉಳಿದಿದ್ದದ್ದು ಒಂದೇ ಗೆಡ್ಡೆ. ಹಾಲು ಕಾಣದ ನನ್ನ ಹೆಂಡತಿಯ ಮಡಿಯನ್ನು ನರಿಗಳು ಮೂಸಿಯೂ ನೋಡಿರಲಿಲ್ಲ. ಇದರಿಂದ ಅನುಮಾನ ಇನ್ನಷ್ಟು ಬಲವಾಯಿತು. ಡಾಕ್ಟರರ ಈರುಳ್ಳಿ ಮಾತ್ರ ಹೇಗೆ ಉಳಿಯಿತು ಎಂದು ಜನ ನನ್ನನ್ನೇ ನಿಲ್ಲಿಸಿ ಕೇಳತೊಡಗಿದರು. ತನಿಖೆ ನಡೆಯುತ್ತಿದೆ ಎಂದು ಹೇಳಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ಸಂಜೆ ಚರ್ಚಿನ ಸಭಾಂಗಣ ತುಂಬಿತ್ತು. ಅಧ್ಯಕ್ಷೆ ಮಿಸೆಸ್ ವಿನ್‌ಸ್ಟನ್ಲಿ, ಊರಿನ ಶಾಲೆಯ ಹಳೆಯ ಮುಖ್ಯೋಪಾಧ್ಯಾಯಿನಿ. ಎದುರಿಗಿದ್ದವರಲ್ಲಿ ಅರ್ಧ ಮಂದಿ ಅವರಿಂದ ಬೆತ್ತದ ರುಚಿ ಕಂಡವರು. ನಾನು ವರದಿಗಾರನಾಗಿ ಮೊದಲ ಸಾಲಿನಲ್ಲಿ ಕೂತಿದ್ದೆ. ಗುರುದೇವಿ ಸರ್ಜರಿಯಿಂದ ಬರುವುದು ತಡವಾಗಿ ಹಿಂದೆ ನಿಂತಿದ್ದಳು.

ಟಿಂಬ್ರೆಲ್ ಎದ್ದು ನಿಂತರು. ಪತ್ರಿಕೆ ಬರೆದದ್ದು ತಮ್ಮ ಬಗ್ಗೆಯೇ ಎಂದರು. ತಮಗೆ ಒಬ್ಬರು ವಿಶ್ವಾಸದಿಂದ ಒಂದು ಗೊಬ್ಬರ ಕೊಟ್ಟರು, ತಾವು ಆಸೆಯಿಂದ ಬಳಸಿದ್ದು ನಿಜ, ಅದರಲ್ಲಿ ನಿಷಿದ್ಧವಾದದ್ದು ಇದೆಯೆಂದು ತಿಳಿದಿರಲಿಲ್ಲ ಎಂದರು. ಕೊಟ್ಟವರ ಹೆಸರು ಹೇಳಿ ಎಂದರು ಅಧ್ಯಕ್ಷೆ.

"ಹೇಳುವುದಿಲ್ಲ. ಅವರಿಗೆ ಮಾತು ಕೊಟ್ಟಿದ್ದೇನೆ. ನನ್ನ ರಾಜೀನಾಮೆ ತೆಗೆದುಕೊಳ್ಳಿ."

ನಾನು ನನ್ನ ಶೂಗಳನ್ನು ನೋಡಿಕೊಂಡೆ. ಹಿಂದಿನಿಂದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಕೊಟ್ಟವಳು ನಾನು" ಎಂದು ಗುರುದೇವಿ ಸಾಲುಗಳ ನಡುವೆ ಮುಂದೆ ಬಂದಳು. "ಅದು ಗೊಬ್ಬರವಲ್ಲ, ತಿಂಡಿ. ನಮ್ಮ ಕಡೆ ಯಾರ ಪಾತ್ರೆಯನ್ನೂ ಬರಿದಾಗಿ ಮರಳಿಸುವುದಿಲ್ಲ." ಒಂದು ಪೇಡಾ ತೆಗೆದು ಎಲ್ಲರ ಎದುರು ಬಾಯಿಗೆ ಹಾಕಿಕೊಂಡು, ಡಬ್ಬಿಯನ್ನು ಅಧ್ಯಕ್ಷೆಯ ಮುಂದೆ ಹಿಡಿದಳು.

ಮಿಸೆಸ್ ವಿನ್‌ಸ್ಟನ್ಲಿ ಕನ್ನಡಕ ಸರಿಮಾಡಿಕೊಂಡು ಒಂದನ್ನು ತಿಂದರು. ಸಾಕ್ಷ್ಯ ಸಾಲದೆಂಬಂತೆ ಇನ್ನೊಂದನ್ನು ತಿಂದರು. ಡಬ್ಬಿ ಟಿಂಬ್ರೆಲ್ ಕೈಗೆ ಬಂತು. ಅವರು ನಿಧಾನವಾಗಿ ಕಚ್ಚಿ, ಕಣ್ಣು ಮುಚ್ಚಿದರು; ತೆರೆದಾಗ ಕಣ್ಣಂಚು ಒದ್ದೆಯಾಗಿತ್ತು.

"ಇದನ್ನೇ ನಾನು ಮಣ್ಣಿನಲ್ಲಿ ಹೂತದ್ದು" ಎಂದರು.

ಅಧ್ಯಕ್ಷೆ ನನ್ನ ಕಡೆ ತಿರುಗಿ, ಇದು ನಿಮ್ಮದೇ ನಾಡಿನ ತಿಂಡಿ, ನಿಮಗೂ ಗುರುತು ಸಿಗಲಿಲ್ಲವೇ ಎಂದು ಕೇಳಿದರು. ನಾನು ಮೈಸೂರಿನ ಕಡೆಯವನು ಎಂದೆ. ಸಭೆಗೆ ಅದು ಸಮಾಧಾನ ತಂದಂತೆ ಕಾಣಲಿಲ್ಲ.

ತೀರ್ಮಾನ ಬೇಗ ಆಯಿತು. ಕಾರ್ಯದರ್ಶಿ ತಿಂದಿದ್ದರೆ ಅದು ಲಂಚ. ಹೂತಿದ್ದರಿಂದ ಅದು ಗೊಬ್ಬರ. ಗೊಬ್ಬರಕ್ಕೆ ಸಂಘದಲ್ಲಿ ನಿಷೇಧವಿಲ್ಲ. ರಾಜೀನಾಮೆ ತಿರಸ್ಕೃತ, ಡಾಕ್ಟರರ ಈರುಳ್ಳಿಗೆ ಪ್ರವೇಶ ಉಂಟು. ಮಂತ್ರಿಗಳ ಎಷ್ಟೋ ವಿಚಾರಣೆ ನೋಡಿದ್ದೇನೆ, ಇಷ್ಟು ಸ್ಪಷ್ಟವಾದ ತೀರ್ಪು ಕಂಡಿರಲಿಲ್ಲ.

ಶನಿವಾರ ಗುರುದೇವಿ ಗೆದ್ದಳು. ದೂರದ ಊರಿನಿಂದ ಬಂದ ತೀರ್ಪುಗಾರ ಅವಳ ಮೂರು ಗೆಡ್ಡೆಗಳನ್ನು ಎತ್ತಿ, ಒತ್ತಿ, ಕತ್ತು ಮುಟ್ಟಿ ನೋಡಿ, ಮೊದಲ ಬಹುಮಾನದ ಕೆಂಪು ಚೀಟಿ ಅಂಟಿಸಿದ. ಮೊದಲು ಚಪ್ಪಾಳೆ ತಟ್ಟಿದವರು ಟಿಂಬ್ರೆಲ್. ಗುರುದೇವಿ ಕಪ್ಪು ಹಿಡಿದು ವೇದಿಕೆಯಿಂದ ಕೆಳಗಿಳಿದಳೋ ಇಲ್ಲವೋ, ಮುದುಕರೆಲ್ಲ ಸುತ್ತುವರಿದರು. ಒಂದು ಗೆಡ್ಡೆಗೆ ಎಷ್ಟು ಪೇಡಾ? ಸಸಿಯಾಗಿದ್ದಾಗಲೋ, ಬಲಿತ ಮೇಲೋ? ಗುಲಾಬಿಗೂ ಆಗುತ್ತದೆಯೇ? ಪೇಡಾ ಹಾಕಿಯೇ ಇಲ್ಲ, ಬರೀ ಕುದುರೆ ಲದ್ದಿ ಎಂದು ಅವಳು ಹೇಳಿದಷ್ಟೂ ಅವರು ಒಬ್ಬರ ಮುಖ ಒಬ್ಬರು ನೋಡಿ, ಮೂಗಿನ ಪಕ್ಕಕ್ಕೆ ಬೆರಳೊತ್ತಿ, ಅರ್ಥವಾಯಿತು ಡಾಕ್ಟರ್ ಎಂದರು.

ಮನೆಗೆ ಬಂದು ಅವಳು ಕಪ್ಪನ್ನು ಮೇಜಿನ ಮೇಲಿಟ್ಟಳು.

"ಹ್ವಾದ ವರ್ಷ ನಸೀಬ ಅಂದ್ರು, ಈ ವರ್ಷ ಪೇಡಾ ಅಂತಾರ. ನಾ ಬೆಳದೀನಿ ಅಂತ ಯಾವಾಗ ಅಂತಾರ್ರೀ?"

ನನ್ನ ಮುಖಪುಟದ ವರದಿ ಅವಳಿಗೆ ಕೊಟ್ಟ ಫಲ ಅದು. ತಿದ್ದುಪಡಿ ಬರೆಯುತ್ತೇನೆ ಎಂದೆ. ಅವಳು ಮಣ್ಣು ಮೆತ್ತಿದ ಶೂ ತೊಳೆಯಲು ಹೋದಳು.

ಸೋಮವಾರ ಫಿಯೋನಾ ಫೋನ್ ಮಾಡಿದಳು. ಪೇಡಾದ ಬಗ್ಗೆ ಓದುಗರ ಕರೆಗಳು ನಿಲ್ಲುತ್ತಿಲ್ಲವಂತೆ. ತಿದ್ದುಪಡಿ ಬೇಕು, ಆದರೆ ನನ್ನಿಂದಲ್ಲ. ನನ್ನ ಅಂಕಣದ ಜಾಗದಲ್ಲಿ ಇನ್ನು ಮೇಲೆ ಡಾಕ್ಟರ್ ಗುರುದೇವಿ ಬರೆಯಬೇಕು, ಅಡುಗೆಯೂ ಇರಲಿ, ಕೃಷಿಯೂ ಇರಲಿ. ಅವರಿಗೆ ಬಿಡುವಿಲ್ಲದಿದ್ದರೆ ಟೈಪ್ ಮಾಡಲು ಮನೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದಳು.

ಹಾಗಾಗಿ ಮಂತ್ರಿಗಳ ನಿದ್ದೆ ಕೆಡಿಸಿದ್ದ ನಾನು ಅಂದು ಸಂಜೆ ಅಡುಗೆಮನೆಯ ಮೇಜಿನಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಕೂತೆ. ಅವಳು ಒಲೆಯ ಮುಂದೆ ನಿಂತು, ಹಾಲು ತಿರುವುತ್ತ, ನನ್ನ ಕಡೆ ನೋಡದೆಯೇ ಹೇಳಿದಳು.

"ಬರಕೊಳ್ರಿ. ಒಂದನೇದು, ಇದು ಬಾಯಿಗೆ, ಉಳ್ಳಾಗಡ್ಡಿಗಲ್ಲ. ಎರಡನೇದು, ನನ್ನ ಉಳ್ಳಾಗಡ್ಡಿ ಬೆಳದದ್ದು ಲದ್ದಿಲೆ ಮತ್ತ ನನ್ನ ಕೈಲೆ."

ಆರಂಭಕ್ಕೆ ಓದುಗರನ್ನು ಸೆಳೆಯುವ ಒಂದೆರಡು ಸಾಲು ನಾನೇ ಸೇರಿಸಲೇ ಎಂದು ಕೇಳಿದೆ.

"ನಾ ಹೇಳಿದಷ್ಟ ಬರೀರಿ" ಎಂದಳು. "ನಿಮ್ಮ ಕಡಿಂದ ಏನೂ ಹಾಕಬ್ಯಾಡ್ರಿ."